ಹನಮೇಶನ ಹಸಿರು ದೀಪಗಳು

ಆಫೀಸಿನ ಮೆಹಜಬೀನ ಕೈತಪ್ಪಿ ಲೆಕ್ಕ ಮಾಡುವ ಫೈಲನ್ನೇ ಅಳಿಸಿಹಾಕಿದಳು. ಆದರೂ ಹನಮೇಶ ಬರೆದ ಟೆಸ್ಟುಗಳೆಲ್ಲ ಹಸಿರು ದೀಪ ತೋರಿಸಿ ಪಾಸಾದವು. ರಗಳೆ ಶುರುವಾದದ್ದೇ ಅಲ್ಲಿಂದ.

ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಭತ್ತದ ತೂಕದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಆಫೀಸು ಅದು. ಸಾಫ್ಟ್‌ವೇರನ್ನು ತಾನಾಗಿಯೇ ಪರೀಕ್ಷಿಸುವ ಟೆಸ್ಟು ಬರೆಯುವುದು ಹನಮೇಶನ ಕೆಲಸ.

"ಏನೋ ಹನಮ್ಯಾ, ಲೆಕ್ಕಾನ ಇಲ್ಲ, ಪಾಸ್ ಹೆಂಗಾತು?" ಮಾಲೀಕ ವಿರುಪಾಕ್ಷಿ ಗುಡುಗಿದ. "ಕಳ್ಳ ಬಂದ್ರೂ ಬಾಲ ಅಲ್ಲಾಡಿಸೋ ನಾಯಿ ಸಾಕೀಯೇನು?"

ಮಾತು ಸುಳ್ಳಲ್ಲ. ಆ ಟೆಸ್ಟುಗಳು ಉತ್ತರ ಸರಿಯೋ ತಪ್ಪೋ ನೋಡುತ್ತಿರಲಿಲ್ಲ. ಎಡವಟ್ಟಾದರೆ ಬಾಯಿ ಮುಚ್ಚಿಕೊಂಡು ಮುಂದೆ ಹೋಗುತ್ತಿದ್ದವು.

"ಸರ, ನಾಳಿ ಯಲಬುರ್ಗಾದಾಗ ಮಗನ ಜವಳ ಐತ್ರಿ, ಮೊದಲ ಸಲ ಕೂದಲಾ ತಗಸೂದು. ರಜಾ ಕೇಳಿದ್ದೆ… ಹೋಗಲಿಲ್ಲಂದ್ರ ಹೊಸ್ತಲಾ ತುಳೀಬ್ಯಾಡ ಅಂದಾಳ್ರಿ ಹೆಂಡ್ತಿ."

"ಇವತ್ತ ಟೆಸ್ಟ್ ಸುಧಾರಿಸು. ನಾವು ಬೇಕಂತ ತಪ್ಪು ತುರುಕ್ತೀವಿ. ಒಂದು ತಪ್ಪಿಸ್ಕೊಂಡ್ರೂ ರಜಾ ಇಲ್ಲ."

ಆಫೀಸಿಗೆ ಹಬ್ಬ ಬಂತು. ಮೆಹಜಬೀನ ಅಳಿಸಿದ ಫೈಲನ್ನು ವಾಪಸ್ ತಂದು, ಲೆಕ್ಕದಲ್ಲಿ ಖಾಲಿ ಲಾರಿಯನ್ನು ತುಂಬಿದ ಲಾರಿಗಿಂತ ಭಾರ ಮಾಡಿದಳು. ಕೆಳಗಿನ ದಲಾಲಿ ಅಂಗಡಿಯ ಬಾಬಾಸಾಬ ಗದ್ದಲ ಕೇಳಿ ಮೇಲೆ ಬಂದ. "ಭತ್ತ ಹಸಿ ಇದ್ದಷ್ಟೂ ರೇಟ್ ಇಳೀತೈತಿ, ಅದನ್ನ ಏರೋ ಹಂಗ ಮಾಡ್ರಿ, ನಮ್ಮಂದಿಗೆ ಪುಣ್ಯ ಬರ್ತೈತಿ!"

ಹನಮೇಶ ಹಠಕ್ಕೆ ಬಿದ್ದು ಟೆಸ್ಟುಗಳನ್ನು ಎಷ್ಟು ಬಿಗಿ ಮಾಡಿದನೆಂದರೆ, ಸರಿಯಿದ್ದ ಲೆಕ್ಕಕ್ಕೂ ಕೆಂಪು ದೀಪ ಬಿತ್ತು.

"ಈಗ ಮನಿ ಮಂದೀಗೂ ಬೊಗಳಾಕತ್ತೈತಲ್ಲೋ!" ಎಂದ ವಿರುಪಾಕ್ಷಿ.

ಹನಮೇಶ ಊಟ ಬಿಟ್ಟು ಕೂತ. ಒಂದೊಂದು ಟೆಸ್ಟಿಗೂ ಸರಿಯಾದ ಉತ್ತರ ಕಟ್ಟಿಕೊಟ್ಟ. ಸಂಜೆ ಹೊತ್ತಿಗೆ ತಪ್ಪಿದ್ದಲ್ಲೆಲ್ಲ ಕೆಂಪು, ಉಳಿದದ್ದೆಲ್ಲ ಹಸಿರು! ಬಾಬಾಸಾಬ ಶಿಳ್ಳೆ ಹೊಡೆದ. ವಿರುಪಾಕ್ಷಿ ತಾನು ಗುಟ್ಟಾಗಿ ಬಚ್ಚಿಟ್ಟ ತಪ್ಪೂ ಸಿಕ್ಕಿಬಿದ್ದದ್ದು ಕಂಡು ಅವನನ್ನು ತಬ್ಬಿಕೊಂಡ. "ಗೆದ್ದಿ ಮಗನ! ಹೋಗ್ಬಾ. ಆದ್ರ ಸುಗ್ಗಿ ಮುಗಿಯೋತನಕ ಮತ್ತ ರಜಾ ಅಂದಿ ಅಂದ್ರ ನೋಡು!"

ಮರುದಿನ ಯಲಬುರ್ಗಾದಲ್ಲಿ ಬಸ್ಸಿಳಿದ ಹನಮೇಶ ಕುಸ್ತಿ ಗೆದ್ದ ಪೈಲ್ವಾನನಂತೆ ಅತ್ತೆಮನೆಗೆ ನಡೆದ. ಹಂದರವಿಲ್ಲ, ನೆಂಟರಿಲ್ಲ. ಮಾವ ಒಬ್ಬರೇ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು.

"ಜವಳ ಎಲ್ಲೇ?" ಎಂದು ಹನಮೇಶ ಒಳಗೆ ಕೂಗಿದ.

ಹೆಂಡತಿ ಹುಲಗಮ್ಮ ಬಾಗಿಲಿಗೆ ಬಂದು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಅದು ಮುಂದಿನ ವಾರರೀ. ನೀವು ಬರ್ತೀರೋ ಇಲ್ಲೋ ನೋಡೂಣು ಅಂತ ಬೇಕಂತ ತಪ್ಪು ದಿನ ಹೇಳಿದ್ದೆ. ಪಾಸಾದ್ರಿ ಬಿಡ್ರಿ!"

ಹನಮೇಶ ಕಟ್ಟೆಯ ಮೇಲೆ ಕೂತು, ಸುಗ್ಗಿ ಮುಗಿಯಲು ಇನ್ನೆಷ್ಟು ವಾರವೆಂದು ಬೆರಳು ಎಣಿಸತೊಡಗಿದ.

"ಮುಂದಿನ ವಾರಾನೂ ಹಿಂಗ ರಜಾ ತಗೊಂಡು ಬರ್ರಿ," ಎಂದಳು ಆಕೆ, ನೀರಿನ ತಂಬಿಗೆ ಕೊಡುತ್ತ. "ನಿಮಗ ರಜಾ ಕೊಡೂದಿಲ್ಲೇನು?"