ಬೆಂಚು ಹೋಗಿ ಕುರ್ಚಿ ಬಂದ ಶನಿವಾರ

ಫುಟ್‌ಬಾಲ್ ಎಂದರೆ ಕಾಲಿನಿಂದ ಆಡುವ ಆಟ ಎಂದು ನಂಬಿಕೊಂಡು ಅಮೆರಿಕಕ್ಕೆ ಬಂದವಳು ನಾನು. ಇಲ್ಲಿಯವರು ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುತ್ತಾರೆ, ಹಿಂದಿನಿಂದ ಹತ್ತು ಜನ ಬಂದು ಮೇಲೆ ಬೀಳುತ್ತಾರೆ, ಎದ್ದ ಮೇಲೆ ಎಲ್ಲರೂ ತಲೆ ತಲೆ ಸೇರಿಸಿ ಸಭೆ ನಡೆಸುತ್ತಾರೆ. ಆರು ವರ್ಷ ತಪ್ಪದೆ ಆಟಕ್ಕೆ ಹೋಗಿಯೂ ನನಗೆ ಇದಕ್ಕಿಂತ ಹೆಚ್ಚು ತಿಳಿದಿಲ್ಲ. ಆದರೂ ನಮ್ಮ ಯೂನಿವರ್ಸಿಟಿಯ ಸ್ಟೇಡಿಯಂ ನವೀಕರಣಗೊಂಡು ಬಾಗಿಲು ತೆರೆದ ಶನಿವಾರ, ನಮ್ಮೂರು ಕ್ಯಾರಿಯಿಂದ ಹೊರಟವರಲ್ಲಿ ನನ್ನಷ್ಟು ಸಿದ್ಧತೆ ಮಾಡಿಕೊಂಡವರು ಯಾರೂ ಇರಲಾರರು. ಒಂದು ಸ್ಟೀಲ್ ಡಬ್ಬದ ತುಂಬ ಕೋಡುಬಳೆ. ಒಂದು ಟವೆಲ್. ಇವೆರಡಿದ್ದರೆ ಡಾಟಿ ಸಿಕ್ಕೇ ಸಿಗುತ್ತಾಳೆ ಎಂಬ ಅಚಲ ವಿಶ್ವಾಸ!

ಡಾಟಿ ಯಾರೆಂದು ಮೊದಲು ಹೇಳಬೇಕು.

ನಮ್ಮ ಮಗಳು ಸಿಂಧು ಕಾಲೇಜು ಸೇರಿದ ವರ್ಷ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದಳು. ಆಟದ ನಡುವಿನ ವಿರಾಮದಲ್ಲಿ ಬ್ಯಾಂಡಿನವರು ಮೈದಾನಕ್ಕೆ ಇಳಿಯುತ್ತಾರೆ. ಆ ಹದಿನೈದು ನಿಮಿಷ ನೋಡಲು ನಾನೂ ನಮ್ಮವರೂ ನಾಲ್ಕು ಗಂಟೆ ಕೂರಲು ಹೋದೆವು. ನಮಗೆ ಸಿಕ್ಕಿದ್ದು ಮೂಲೆಯ ಹಳೆಯ ಮರದ ಬೆಂಚುಗಳ ಕಡೆಯ ಟಿಕೆಟ್. ಬೆಂಚಿನ ಮೇಲೆ ಬರೆದ ನಂಬರು ಯಾವ ಕಾಲದಲ್ಲೋ ಅಳಿಸಿಹೋಗಿ, ಮೊದಲು ಬಂದವರದೇ ಜಾಗ ಎಂಬಂತಾಗಿತ್ತು. ನಾವು ಹೋದದ್ದೋ ತಡ. ಬೆಂಚು ಭರ್ತಿ. ನಾನು ಹಾಸನದ ಬಸ್ಸಿನಲ್ಲಿ ಕೇಳುವ ಹಾಗೆಯೇ, "ಪ್ಲೀಸ್, ಸ್ವಲ್ಪ ಅಡ್ಜಸ್ಟ್," ಎಂದೆ. ಸಾಲಿಗೆ ಸಾಲೇ ನನ್ನ ಮುಖ ನೋಡಿತು. ಹಳದಿ ಮಳೆಟೋಪಿ ಹಾಕಿಕೊಂಡು ಉಲ್ಲನ್ ಹೆಣೆಯುತ್ತಿದ್ದ ಒಬ್ಬ ಮುದುಕಿ ಮಾತ್ರ ಪಕ್ಕದಲ್ಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಅವಳೇ ಡಾಟಿ.

"ಬಾ ಹನಿ, ಕೂತ್ಕೋ. ಇದು ನಮ್ಮ ಯಜಮಾನ ಕೂರ್ತಿದ್ದ ಜಾಗ. ಅವನು ಹೋಗಿ ಎರಡು ವರ್ಷ ಆಯ್ತು. ಚೀಲ ಇಟ್ಟು ಜಾಗ ಕಾಯ್ತಾ ಇದ್ದೆ, ಯಾರಿಗೋಸ್ಕರ ಅಂತ ನನಗೇ ಗೊತ್ತಿರ್ಲಿಲ್ಲ."

ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಆದರೆ ಕೆರೊಲೈನಾದವರ ಆ ರಾಗವಾಗಿ ಎಳೆಯುವ ಇಂಗ್ಲಿಷು ನನ್ನ ಕಿವಿಗೆ ಮೊದಲ ದಿನದಿಂದಲೂ ಹೀಗೆಯೇ ಬೀಳುತ್ತದೆ.

ಅವಳ ಮೊಮ್ಮಗಳೂ ಅದೇ ಬ್ಯಾಂಡಿನಲ್ಲಿದ್ದಳು. ಹುಡುಗಿಯರಿಬ್ಬರೂ ಓದು ಮುಗಿಸಿ ಹೊರಟುಹೋದರು. ಡಾಟಿಯೂ ನಾನೂ ಬೆಂಚು ಬಿಡಲಿಲ್ಲ! ಸಿಂಧು ಅಟ್ಲಾಂಟಾದಿಂದ ಫೋನ್ ಮಾಡಿದಾಗೆಲ್ಲ, "ಅಮ್ಮಾ, ಯು ಡೋಂಟ್ ಈವನ್ ಲೈಕ್ ಫುಟ್‌ಬಾಲ್!" ಎನ್ನುತ್ತಾಳೆ. ನಿಜ. ನಾನು ಹೋಗುತ್ತಿದ್ದದ್ದು ಬೆಂಚಿಗೆ. ಆ ಬೆಂಚಿಗೆ ಜೀವವಿತ್ತು. ಆ ತುದಿಯಲ್ಲಿ ಯಾರಾದರೂ ಧೊಪ್ಪನೆ ಕೂತರೆ ಈ ತುದಿಯಲ್ಲಿ ನಾವು ಅರ್ಧ ಇಂಚು ಮೇಲೇಳುತ್ತಿದ್ದೆವು. ಚಳಿಯಾದರೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂರುವುದು. ನನ್ನ ಡಬ್ಬದಿಂದ ಕೋಡುಬಳೆ ಅವಳಿಗೆ, ಅವಳ ಫ್ಲಾಸ್ಕಿನಿಂದ ಸೇಬಿನ ರಸದ ಬಿಸಿ ಸೈಡರ್ ನನಗೆ. ಅವಳಿಗೆ ಸುಲೋಚನ ಎನ್ನಲು ಬಾರದೆ ನಾನು "ಸೂ" ಆದೆ. ಅವಳ ಮನೆತನದ ಹೆಸರನ್ನು ನಾನು ಕೇಳಲೇ ಇಲ್ಲ. ಫೋನ್ ನಂಬರಂತೂ ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಶನಿವಾರ ಬಂದರೆ ಸಿಗುವವರಿಗೆ ಫೋನ್ ಯಾಕೆ?

ಕಳೆದ ಸೀಸನ್ನಿನ ಕೊನೆಯ ದಿನವೂ, "ಸಿಗೋಣ ಸೂ," ಎಂದು ಟೋಪಿ ಸರಿಮಾಡಿಕೊಂಡು ಹೋದಳು. ಆಮೇಲೆ ಬಂತು ಕಾಗದ. ಬೆಂಚುಗಳನ್ನು ತೆಗೆದು ಪ್ರತ್ಯೇಕ ಕುರ್ಚಿಗಳನ್ನು ಹಾಕಲಾಗುವುದು. ಮಾನ್ಯ ಅಭಿಮಾನಿಗಳಿಗೆ ಹೊಸದಾಗಿ ಸೀಟು ಹಂಚಲಾಗುವುದು. ತಮ್ಮ ಅನುಭವವು ಇನ್ನಷ್ಟು ಸುಖಕರವಾಗಲಿದೆ. ಓದಿದ ನಮ್ಮವರು, "ನೋಡಿದ್ಯಾ, ಇನ್ಮೇಲೆ ಬೆನ್ನಿಗೆ ಒರಗು ಇರತ್ತೆ. ಆರು ವರ್ಷದಿಂದ ಬೆನ್ನು ಬೆನ್ನು ಅಂತಿದ್ಯಲ್ಲ," ಎಂದು ಸಂತೋಷಪಟ್ಟರು.

"ಡಾಟಿ ಎಲ್ಲಿ ಕೂರ್ತಾಳೆ?"

"ಅವರಿಗೂ ಒಂದು ಕುರ್ಚಿ ಕೊಟ್ಟಿರ್ತಾರೆ ಬಿಡೇ."

"ನನ್ನ ಪಕ್ಕದಲ್ಲಾ?"

ಅದಕ್ಕೆ ಉತ್ತರ ನನ್ನ ಬಳಿ ಇತ್ತು. ಟವೆಲ್! ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ವಿದ್ಯೆಯಲ್ಲಿ ಪಳಗಿದ ಊರಿನವಳು ನಾನು. ಬೇಗ ಹೋಗಿ ಪಕ್ಕದ ಸೀಟಿಗೆ ಟವೆಲ್ ಹಾಕುವುದು, ಡಾಟಿ ಬಂದರೆ ಕೂರಿಸುವುದು. ಇದಕ್ಕಿಂತ ಸರಳವಾದ ಯೋಜನೆ ಇದ್ದೀತೆ?

ಮೊದಲ ವಿಘ್ನ ಗೇಟಿನಲ್ಲೇ ಎದುರಾಯಿತು. ಮುಂಚೆ ಟಿಕೆಟ್ ಹರಿದು ಒಳಗೆ ಬಿಡುತ್ತಿದ್ದ ಜಾಗದಲ್ಲಿ ಈಗ ಮೇಜು ಹಾಕಿಕೊಂಡು ಚೀಲ ತಪಾಸಣೆ. ಕಾವಲಿನವನು ಡಬ್ಬದ ಮುಚ್ಚಳ ತೆಗೆದು ಒಂದು ಕೋಡುಬಳೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಮ್ಯಾಮ್, ಇದು ತಿನ್ನೋದಾ, ಕೈಗೆ ಹಾಕ್ಕೊಳ್ಳೋದಾ?"

"ತಿಂದು ನೋಡಪ್ಪ," ಎಂದೆ.

ತಿಂದ. ಹಾಸನದ ಖಾರದ ಪುಡಿ ಹಾಕಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡು, ಮಾತು ಹೊರಡದೆ, ಒಳಗೆ ಹೋಗು ಎಂದು ಕೈಸನ್ನೆ ಮಾಡಿದ.

ಒಳಗೆ ಹೋದರೆ ನನ್ನ ಮೂಲೆಯೇ ಇಲ್ಲ! ಎಲ್ಲಿ ನೋಡಿದರೂ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಶಾಲೆಯ ಮಕ್ಕಳ ಹಾಗೆ ಸಾಲಾಗಿ. ಮೂಲೆಯ ಮೇಲೆ ಸಿನಿಮಾ ಪರದೆಯಷ್ಟು ದೊಡ್ಡ ಟಿವಿ. ನಮ್ಮ ಸೀಟು ಹೊಸದಾಗಿ ಕಟ್ಟಿದ ಮೇಲಿನ ಅಂತಸ್ತಿನಲ್ಲಿ. ಆಟಗಾರರು ಕಡಲೆಕಾಳಿನಷ್ಟು ಕಾಣುತ್ತಿದ್ದರು. ಸುಳ್ಳು ಹೇಳಬಾರದು, ಕುರ್ಚಿ ಸುಖವಾಗಿತ್ತು. ಬೆನ್ನು ಧನ್ಯವಾಯಿತು. ಲೋಟ ಇಡಲೂ ಒಂದು ಬಳೆ. ಹೆಂಗಸರ ಶೌಚಾಲಯದಲ್ಲಿ ಸಾಲು ಕೂಡ ಇರಲಿಲ್ಲ. ಯಾವುದರ ಬಗ್ಗೆಯೂ ದೂರುವಂತಿರಲಿಲ್ಲ, ಅದೇ ದುಃಖ!

ಪಕ್ಕದ ಕುರ್ಚಿಗೆ ಟವೆಲ್ ಹಾಸಿ ಕೂತೆ. ಸ್ವಲ್ಪ ಹೊತ್ತಿಗೆ ಎರಡಾಳು ಗಾತ್ರದ ಒಬ್ಬ ಮನುಷ್ಯ ಬಂದು ಟಿಕೆಟ್ ತೋರಿಸಿದ.

"ಮ್ಯಾಮ್, ಇದು ನನ್ನ ಸೀಟು."

"ಒಬ್ಬರು ಬರ್ತಾರೆ," ಎಂದೆ, ಮೆಜೆಸ್ಟಿಕ್ಕಿನ ಗತ್ತಿನಲ್ಲಿ.

"ಬಂದಿದ್ದೀನಿ ಮ್ಯಾಮ್. ನಾನೇ!"

ನಮ್ಮವರು ಟವೆಲನ್ನು ಸೆಳೆದು ನನ್ನ ಮಡಿಲಿಗೆ ಹಾಕಿ, "ಸುಮ್ನೆ ಕೂತ್ಕೊಳೇ," ಎಂದರು. ಕೂತೆ. ಆ ಮನುಷ್ಯನೂ ಕೂತ. ಬೆಂಚಾಗಿದ್ದರೆ ನಾನು ಗಾಳಿಯಲ್ಲಿರುತ್ತಿದ್ದೆ. ಈಗ ಕುರ್ಚಿ ಅಲುಗಲೂ ಇಲ್ಲ. ಎರಡು ಕುರ್ಚಿಗಳ ನಡುವೆ ಒಂದು ಕೈಯೊರಗು. ಯಾರಿಗೂ ಅಡ್ಜಸ್ಟ್ ಮಾಡಿ ಎನ್ನುವಂತಿಲ್ಲ, ಅನ್ನಿಸಿಕೊಳ್ಳುವಂತೆಯೂ ಇಲ್ಲ.

ನಮ್ಮವರ ದುರ್ಬೀನು ಇಸಕೊಂಡು ಎದುರಿನ ಕೆಂಪು ಜನಸಾಗರವನ್ನು ಸಾಲು ಸಾಲಾಗಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಆರಿಸುತ್ತ ಹೋದೆ. ಆಟದ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೊದಲನೆಯದು ಮುಗಿಯುವ ಹೊತ್ತಿಗೆ ಕಂಡಿತು ಒಂದು ಹಳದಿ ಚುಕ್ಕೆ. ಮಳೆಟೋಪಿ! ಮಳೆಯಿಲ್ಲದ ದಿನ ಮಳೆಟೋಪಿ ಹಾಕುವವಳು ಡಾಟಿಯಲ್ಲದೆ ಇನ್ನಾರು?

"ರೀ, ಸಿಕ್ಳು!" ಎಂದು ಎದ್ದು ನಿಂತು ಟವೆಲ್ ಬೀಸಿದೆ. ಬೀಸಿಯೇ ಬೀಸಿದೆ. ಇದ್ದಕ್ಕಿದ್ದಂತೆ ಸ್ಟೇಡಿಯಂ ಪೂರ್ತಿ "ಬೂ" ಎಂದಿತು. ಆಟಗಾರರು ಏನೋ ತಪ್ಪು ಮಾಡಿರಬೇಕು ಎಂದುಕೊಂಡೆ.

"ಸುಲೋಚನಾ, ಕೂತ್ಕೋ! ಟಿವೀಲಿ ನೀನೇ ಇದೀಯ!"

ತಲೆಯೆತ್ತಿ ನೋಡಿದರೆ ಆ ಮಹಾ ಪರದೆಯ ತುಂಬ ನನ್ನ ಮುಖ, ಕುಂಕುಮ ಸಮೇತ, ತಟ್ಟೆಯಷ್ಟಗಲ ಬಾಯಿ ತೆರೆದುಕೊಂಡು! ಟವೆಲ್ ಕಿತ್ತಳೆ ಬಣ್ಣದ್ದು. ನಮ್ಮ ಟೀಮಿನ ಬಣ್ಣ ಕೆಂಪು, ಅಂದಿನ ಎದುರಾಳಿಗಳದ್ದು ಕಿತ್ತಳೆಯೇ! ಶತ್ರುಪಕ್ಷದವಳು ನಮ್ಮ ನಡುವೆ ನಿಂತು ಜೈಕಾರ ಹಾಕುತ್ತಿದ್ದಾಳೆಂದು ಕ್ಯಾಮೆರಾದವನು ತಿಳಿದುಕೊಂಡಿದ್ದ.

ಮಾನ ಹೋಯಿತು, ಆದರೆ ಕೆಲಸವಾಯಿತು. ದುರ್ಬೀನಿನಲ್ಲಿ ಹಳದಿ ಟೋಪಿ ಎದ್ದು ನಿಂತಿತು. ಟೋಪಿ ಕೈಗೆ ಬಂತು. ಬೀಸತೊಡಗಿತು. ಡಾಟಿ ನನ್ನನ್ನು ನೋಡಿದ್ದಳು!

ಡಬ್ಬವನ್ನು ನಮ್ಮವರ ಕೈಗೆ ತುರುಕಿ ಹೊರಟೆ. ಮೂರು ಇಳಿಜಾರು ಇಳಿದು, ಅಂಗಡಿಸಾಲು ದಾಟಿ, ಅರ್ಧ ಸ್ಟೇಡಿಯಂ ಸುತ್ತು ಹಾಕಿದೆ. ಆ ಕಡೆಯ ಬಾಗಿಲಲ್ಲಿ ಟಿಕೆಟ್ ನೋಡುವ ಹುಡುಗಿ ತಡೆದಳು.

"ಅಲ್ಲಿ ಹಳದಿ ಟೋಪಿಯವರು ನಮ್ಮಕ್ಕ," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಏನನ್ನಿಸಿತೋ, ಬಿಟ್ಟಳು.

ಸೀಟು ಸಿಕ್ಕಿತು. ಡಾಟಿ ಸಿಗಲಿಲ್ಲ. ಕುರ್ಚಿಯ ಮೇಲೆ ಉಲ್ಲನ್ ಚೀಲ ಮಾತ್ರ. ಪಕ್ಕದಲ್ಲಿದ್ದ ಅವಳ ಅಳಿಯ ನನ್ನನ್ನು ನೋಡಿ ಹಣೆ ಚಚ್ಚಿಕೊಂಡ. "ನೀವು ಸೂ ಅಲ್ವಾ? ಅವ್ರು ನಿಮ್ಮನ್ನ ಹುಡುಕ್ಕೊಂಡು ಹೋದ್ರು! ಮಂಡಿ ನೋವು, ಬೇಡ ಅಂದ್ರೂ ಕೇಳ್ಲಿಲ್ಲ."

ನಾನು ಒಂದು ಇಳಿಜಾರು ಇಳಿಯುವಾಗ ಅವಳು ಇನ್ನೊಂದನ್ನು ಹತ್ತಿದ್ದಳು. ಅಳಿಯ ನನ್ನನ್ನು ಅವಳ ಕುರ್ಚಿಯಲ್ಲಿ ಕೂರಿಸಿ ದುರ್ಬೀನು ಕೊಟ್ಟ. ನೋಡಿದೆ. ನನ್ನ ಕುರ್ಚಿಯಲ್ಲಿ, ನಮ್ಮವರ ಪಕ್ಕದಲ್ಲಿ, ಹಳದಿ ಟೋಪಿ ಕೂತಿತ್ತು. ತೊಡೆಯ ಮೇಲೆ ಡಬ್ಬ. ಕೋಡುಬಳೆ ತಿನ್ನುತ್ತಿತ್ತು!

ಓಡೋಣವೆಂದು ಎದ್ದೆ. ಮತ್ತೆ ಕೂತೆ. ಅವಳೂ ಅದೇ ಗಳಿಗೆಯಲ್ಲಿ ಹೊರಟುಬಿಟ್ಟರೆ? ಅಷ್ಟು ದೂರ ಆ ಮಂಡಿಯನ್ನು ಮತ್ತೆ ನಡೆಸಬೇಕೇ? ಬರುತ್ತಾಳೆ, ಕಾಯೋಣ. ಆ ಕಡೆ ಅವಳೂ ಎದ್ದಳು. ನಿಂತಳು. ಕೂತಳು. ಅವಳೂ ಅದನ್ನೇ ಯೋಚಿಸುತ್ತಿದ್ದಳೆಂದು ಗೊತ್ತಾಗಲು ನನಗೆ ಫೋನ್ ಬೇಕಾಗಿರಲಿಲ್ಲ. ಹೀಗೆ ನಾವಿಬ್ಬರೂ, ಮೈದಾನದ ಆಚೆಗೊಬ್ಬರು ಈಚೆಗೊಬ್ಬರು, ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕೂತು, ಉಳಿದ ಆಟವನ್ನೆಲ್ಲ ಪರಮ ತಾಳ್ಮೆಯಿಂದ ಕಾದೆವು. ಮಧ್ಯದಲ್ಲಿ ಬ್ಯಾಂಡ್ ಬಂತು. ಯಾರದೋ ಮಕ್ಕಳು ಊದುತ್ತಿದ್ದರು. ಅವಳು ಟೋಪಿ ಬೀಸಿದಳು, ನಾನು ಟವೆಲ್ ಬೀಸಿದೆ. ಆ ದೂರದಿಂದಲೂ ಅವಳು ನನ್ನ ಕುರ್ಚಿಯ ಒಂದು ಬದಿಗೆ ಸರಿದು ಕೂತದ್ದು ಕಂಡಿತು. ಇನ್ನೊಬ್ಬರಿಗೆ ಜಾಗ ಬಿಟ್ಟವಳ ಹಾಗೆ.

ಕೈ ಸುಮ್ಮನಿರಲಿಲ್ಲ. ಅವಳ ಚೀಲದಿಂದ ಅರ್ಧ ಹೆಣೆದ ಮಫ್ಲರ್ ತೆಗೆದು ನಾಲ್ಕು ಸಾಲು ಮುಂದುವರಿಸಿದೆ. ನನಗೆ ಹೆಣೆಯಲು ಬರುವುದಿಲ್ಲ ಎಂಬುದು ನಾಲ್ಕನೆಯ ಸಾಲಿನಲ್ಲಿ ನೆನಪಾಯಿತು.

ಆಟ ಮುಗಿದದ್ದೇ ತಡ, ಅಳಿಯ, "ಅವ್ರು ನಡೀಲಾರ್ರು, ಆ ಕಡೆ ಗೇಟಿಗೆ ಕಾರ್ ತರ್ತೀನಿ," ಎಂದು ಓಡಿದ. ಚೀಲ ನನ್ನ ತೊಡೆಯ ಮೇಲೆಯೇ ಇತ್ತು. ಕೂಗಿದೆ. ಗೆದ್ದ ಜನರ ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ.

ಪಾರ್ಕಿಂಗ್‌ನಲ್ಲಿ ನಮ್ಮವರು ಬರಿಗೈಯಲ್ಲಿ ನಿಂತಿದ್ದರು.

"ಡಬ್ಬ ಎಲ್ರೀ?"

"ಅವ್ರು ತಗೊಂಡ್ಹೋದ್ರು. ತೊಳೆದು ವಾಪಸ್ ಕೊಡ್ತಾರಂತೆ. ಒಳ್ಳೇ ಹೆಂಗಸು ಕಣೇ."

"ಫೋನ್ ನಂಬರ್ ಇಸ್ಕೊಂಡ್ರಾ?"

"ಕೇಳೋಣ ಅಂತ ಬಾಯ್ ತೆಗೆದೆ, ನಮ್ಮ ಟೀಮಿಗೆ ಪಾಯಿಂಟು, ಟಚ್‌ಡೌನ್ ಆಗೋಯ್ತು!"

"ಎರಡು ಗಂಟೆ ಪಕ್ಕದಲ್ಲಿ ಕೂತಿದ್ಲು. ಒಂದು ನಂಬರ್ ಕೇಳೋಕಾಗ್ಲಿಲ್ವಾ?"

"ನೀನೂ ಎರಡು ಗಂಟೆ ಅವ್ರ ಅಳಿಯನ ಪಕ್ಕ ಕೂತಿದ್ಯಲ್ಲ. ನೀನು ಕೇಳಿದ್ಯಾ?"

ಮನೆ ತಲುಪುವವರೆಗೆ ನಾನು ಕಿಟಕಿಯ ಹೊರಗೆ ನೋಡಿದೆ.

ಆ ಡಬ್ಬದ ಮೇಲೆ ನನ್ನ ಹೆಸರು, ತವರಿನ ಬೀದಿ, ಊರು ಎಲ್ಲವನ್ನೂ ಮದುವೆಯಲ್ಲಿ ಅಪ್ಪ ಕೊರೆಸಿದ್ದಾರೆ. ಕನ್ನಡದಲ್ಲಿ. ಡಾಟಿ ಎಷ್ಟೇ ಪ್ರಯತ್ನಪಟ್ಟು ಯಾರಿಂದ ಓದಿಸಿದರೂ ನೇರವಾಗಿ ಹಾಸನ ತಲುಪುತ್ತಾಳೆ!

ಇಲ್ಲಿನ ಮುಂದಿನ ಆಟಕ್ಕೆ ಇನ್ನೂ ಮೂರು ವಾರ. ಈ ಸಲ ಎಲ್ಲ ತೀರ್ಮಾನವಾಗಿದೆ. ಅವಳು ಎಲ್ಲಿ ಕೂತಿದ್ದಾಳೋ ಅಲ್ಲೇ ಕೂತಿರಲಿ, ನಡೆಯುವವಳು ನಾನು. ಕುರ್ಚಿಯಿಲ್ಲದಿದ್ದರೆ ಅವಳ ಕಾಲ ಬಳಿಯ ಮೆಟ್ಟಿಲ ಮೇಲೆ ಟವೆಲ್ ಹಾಸಿ ಕೂರುತ್ತೇನೆ. ಕೆಂಪು ಟವೆಲ್ ಕೊಂಡಿದ್ದಾಯಿತು. ನಂಬರ್ ಕೇಳಲು ಮರೆಯಬಾರದೆಂದು ನಮ್ಮ ನಂಬರನ್ನೇ ಚೀಟಿಯಲ್ಲಿ ಬರೆದು ಉಲ್ಲನ್ ಚೀಲದೊಳಗೆ ಹಾಕಿಟ್ಟಿದ್ದೇನೆ.

ಉಳಿದದ್ದು ಆ ಮಫ್ಲರ್ ಒಂದೇ. ಕೊಡುವ ಮೊದಲು ನಾನು ಹಾಕಿದ ನಾಲ್ಕು ಸಾಲನ್ನಾದರೂ ಬಿಚ್ಚಿ ಸರಿಮಾಡೋಣವೆಂದು ನಿನ್ನೆ ಮಧ್ಯಾಹ್ನ ಕೂತೆ. ಎಳೆದೆ. ಸಲೀಸಾಗಿ ಬಂತು. ಇಷ್ಟು ಸುಲಭವೇ ಎಂದು ಖುಷಿಯಿಂದ ಇನ್ನಷ್ಟು ಎಳೆದೆ. ಸಂಜೆ ನಮ್ಮವರು ಆಫೀಸಿನಿಂದ ಬಂದಾಗ ಮಫ್ಲರ್ ಇರಲಿಲ್ಲ. ನನ್ನ ಮಡಿಲಲ್ಲಿ, ಹೊಸದಾಗಿ ಅಂಗಡಿಯಿಂದ ತಂದಷ್ಟು ದುಂಡಗೆ, ಒಂದು ಉಲ್ಲನ್ ಉಂಡೆ ಕೂತಿತ್ತು!