ಹಿತ್ತಾಳೆ ಕಿವಿ

ಹೆಂಡತಿಯ ಕುತ್ತಿಗೆಯ ಮೇಲೆ, ಚಿನ್ನದ ಸರದ ಅಡಿಯಲ್ಲಿ, ಕಡ್ಡಿ ಗೀರಿದಷ್ಟು ಕಪ್ಪು ಗೆರೆ ಕಂಡದ್ದೇ ತಪ್ಪಾಯಿತು. ಕಂಡದ್ದಾದರೂ ಯಾರಿಗೆ? ಗಂಡನಿಗಲ್ಲ, ಮೇಲಿನ ಮನೆಯ ನಿವೃತ್ತ ಟೀಚರಮ್ಮನಿಗೆ. ಮೂವತ್ತು ವರ್ಷ ಮಕ್ಕಳ ತಪ್ಪು ಹುಡುಕಿದ ಕಣ್ಣು ಈಗ ಸುಮ್ಮನಿರು ಅಂದರೆ ಇರುತ್ತದೆಯೆ?

"ಚಿನ್ನ ಕಪ್ಪು ಬಿಡಲ್ಲ ಕಣಮ್ಮ. ಯಾವುದಕ್ಕೂ ಒಂದ್ಸಲ ಪರೀಕ್ಷೆ ಮಾಡ್ಸು," ಎಂದರು ಆಕೆ.

ಒಳಗೆ ಹಲ್ಲುಜ್ಜುತ್ತಿದ್ದ ಗಂಡನ ಕಿವಿಗೆ ಅದು ಬಿತ್ತು. ನಲ್ಲಿ ರಿಪೇರಿ ಅವನ ಕಸುಬು. ಬೀದಿಯವರು ಅವನನ್ನು ಕರೆಯುತ್ತಿದ್ದದ್ದು ಸಿಡಿಮದ್ದು ಎಂದು. ಎದುರಿಗಲ್ಲ, ಅಷ್ಟು ಧೈರ್ಯ ಯಾರಿಗಿದೆ? ಬಾಯಲ್ಲಿ ನೊರೆ ಇಟ್ಟುಕೊಂಡೇ ಹೊರಗೆ ಬಂದ.

"ಬಿಚ್ಚು ಆ ಸರ!"

"ಅತ್ತೆ ಕೊಟ್ಟಿದ್ದು ರೀ. ಬೆವರಿಗೆ ಕಪ್ಪಾಗಿರುತ್ತೆ, ಬಿಡಿ."

"ಬಿಡೋದೇನು! ಅಣ್ಣನಿಗೆ ಬೀರು, ನನಗೆ ಸರ ಅಂತ ಅಮ್ಮ ಹೇಳಿ ಕಣ್ಮುಚ್ಚಿದ್ಲು. ಸರ ಬಂದಿದ್ದು ಅಣ್ಣನ ಕೈಯಿಂದ. ನಡುವೆ ಏನಾಯ್ತೋ ಯಾರು ಕಂಡ್ರು?"

ಅಮ್ಮನಿಗೆ ಹಿರಿಮಗನೇ ಹೆಚ್ಚು ಎಂಬ ಉರಿ ಚಿಕ್ಕಂದಿನಿಂದಲೂ ಅವನ ಹೊಟ್ಟೆಯಲ್ಲಿತ್ತು. ತನ್ನನ್ನೂ ಆಕೆ ಮಗನೆಂದು ತಿಳಿದಿದ್ದಳು ಎನ್ನುವುದಕ್ಕೆ ಅವನ ಬಳಿ ಇದ್ದ ಸಾಕ್ಷಿ ಆ ಸರವೊಂದೇ. ಅದೂ ನಕಲಿಯೆಂದರೆ!

ಸರ ಬಕೆಟ್ಟಿಗೆ ಬಿತ್ತು. ಕಲ್ಲಿನಂತೆ ತಳ ಸೇರಿತು. "ನೋಡಿ, ಮುಳುಗ್ತು! ಅಸಲಿ!" ಎಂದಳು ಹೆಂಡತಿ.

"ಹಿತ್ತಾಳೆ ಏನು ತೇಲುತ್ತಾ?" ಎಂದ ಪಕ್ಕದ ಮನೆಯ ಕ್ಷೌರಿಕ. ಅವನನ್ನು ಕರೆದವರು ಯಾರೂ ಇಲ್ಲ.

ಟೀಚರಮ್ಮ ಹೊಳಪಿಲ್ಲದ ಒಂದು ಪಿಂಗಾಣಿ ಬಿಲ್ಲೆ ತಂದರು. ಉಜ್ಜಿದರೆ ಗೊತ್ತಾಗುತ್ತದಂತೆ. ಏನು ಗೊತ್ತಾಗುತ್ತದೆ ಎಂಬುದು ಮಾತ್ರ ಆಕೆಗೆ ಮರೆತುಹೋಗಿತ್ತು. ಸಿಡಿಮದ್ದು ಉಜ್ಜಿದ. ಬಿಲ್ಲೆಯ ಮೇಲೆ ಹಳದಿ ಗೆರೆ ಮೂಡಿತು.

"ಅಯ್ಯೋ, ಬಣ್ಣ ಬಿಡ್ತು!" ಎಂದರು ಟೀಚರಮ್ಮ.

"ಮೇಲೆ ಹಳದಿ ಬಳಿದಿದ್ದಾರೆ ಅಷ್ಟೆ," ಎಂದ ಕ್ಷೌರಿಕ.

ಹೆಂಡತಿಗೆ ರೇಗಿತು. "ಕಂಡವರ ಮಾತಿಗೆ ಕುಣಿಯೋಕೆ ನಿಮ್ಮದೇನು ಹಿತ್ತಾಳೆ ಕಿವಿನಾ?"

"ಕಿವಿ ಅಲ್ಲ ಕಣೇ, ಸರ ಹಿತ್ತಾಳೆ!"

ಕೊನೆಗೆ ತನ್ನ ಕೆಲಸದ ಚೀಲದಿಂದ ಆಯಸ್ಕಾಂತ ತೆಗೆದ. ಹತ್ತಿರ ಹಿಡಿದದ್ದೇ ತಡ, ಸರದ ಕೊಕ್ಕೆ ಟಕ್ಕನೆ ಹೋಗಿ ಅಂಟಿಕೊಂಡಿತು, ಉಳಿದ ಸರ ಹಲ್ಲಿಯ ಬಾಲದಂತೆ ಜೋತುಬಿತ್ತು. ಎಲ್ಲರೂ ಅಯ್ಯೋ ಪಾಪ ಎಂದರು. ಮುಖ ನೋಡಿದರೆ ಒಬ್ಬರಿಗೂ ದುಃಖವಾದಂತಿರಲಿಲ್ಲ.

ಅಣ್ಣನದು ದರ್ಜಿ ಅಂಗಡಿ. ಸಿಡಿಮದ್ದು ಬಾಗಿಲಲ್ಲೇ ಸಿಡಿದ. "ಅಸಲಿ ಸರ ಎಲ್ಲಿಟ್ಟಿದ್ದೀಯಾ? ಅಮ್ಮನ ಹೆಸರಲ್ಲಿ ನನಗೆ ಟೋಪಿ ಹಾಕ್ತೀಯಾ?"

"ಅಮ್ಮ ಕೊಟ್ಟಿದ್ದನ್ನೇ ಕೊಟ್ಟಿದ್ದೀನಿ ಕಣೋ."

"ಸುಳ್ಳು! ಈ ತಗಡು ನೀನೇ ಇಟ್ಕೋ. ಬೀರು ನನಗೆ ಕೊಡು!"

ತಮ್ಮನ ಹಿಂದೆ ಬೀದಿಯೇ ಬಂದು ನಿಂತಿತ್ತು. ಗಿರಾಕಿಗಳ ಎದುರು ಕಳ್ಳನೆನಿಸಿಕೊಂಡ ಅಣ್ಣನ ಮುಖ ಕೆಂಪಗಾಯಿತು. "ತಗೊಂಡ್ ಹೋಗು! ಹೊತ್ಕೊಂಡ್ ಹೋಗು! ಮತ್ತೆ ಈ ಹೊಸ್ತಿಲು ತುಳೀಬೇಡ!" ಎಂದು ಬೀರುವಿನೊಳಗಿನ ಬಟ್ಟೆಗಳನ್ನೆಲ್ಲ ನೆಲಕ್ಕೆ ಸುರಿದ.

ತಳ್ಳುಗಾಡಿಯ ಮೇಲೆ ಆ ಮರದ ಬೀರು ಮನೆಯ ಮುಂದೆ ಬಂತು. ಬಾಗಿಲಿಗಿಂತ ಅದು ಒಂದು ಗೇಣು ಎತ್ತರ. ಓರೆ ಮಾಡಿದರು, ಮಲಗಿಸಿದರು, ತಲೆಕೆಳಗು ಮಾಡಿದರು. ಬಾಗಿಲ ಹಿಂದೆಯೇ ಗೋಡೆ, ಒಳಗೆ ತಿರುಗಿಸಲು ಜಾಗವಿಲ್ಲ. ಕ್ಷೌರಿಕನ ಬೆರಳು ಸಿಕ್ಕಿ ಜಜ್ಜಿಹೋಯಿತು, ಅದೊಂದೇ ಆ ದಿನದ ಸಮಾಧಾನ.

"ನಾಳೆ ಬಡಗಿಯನ್ನ ಕರೆಸೋಣ ರೀ," ಎಂದಳು ಹೆಂಡತಿ.

"ಈ ಬೀರೂ ನನ್ನ ಮೇಲೆ ಹಟ ಸಾಧಿಸುತ್ತಾ? ತಾ ಗರಗಸ!"

ಪೈಪು ಕೊಯ್ಯುವ ಗರಗಸದಲ್ಲೇ ನಾಲ್ಕೂ ಕಾಲು ಕೊಯ್ದ. ಅದೂ ಸಾಲದೆ ಮೇಲಿನ ಹೂಬಳ್ಳಿಯ ಕೆತ್ತನೆಯನ್ನೂ ಕೊಯ್ದ. ಬೀರು ಒಳಗೆ ಬಂದು ಮಂಡಿ ಮುರಿದವರಂತೆ ವಾಲಿ ಕೂತಿತು.

ಬೆವರು ಒರೆಸಿಕೊಳ್ಳುವಷ್ಟರಲ್ಲಿ ತಿರುವಿನ ಅಕ್ಕಸಾಲಿಗ ಬಂದ. "ನಮ್ಮ ನಲ್ಲಿ ಸೋರ್ತಿದೆ, ಸ್ವಲ್ಪ ಬಾರಪ್ಪ. ಅಂದ ಹಾಗೆ, ನಿಮ್ಮಣ್ಣ ಈಗಷ್ಟೇ ಒಂದು ಸರ ತಂದು ತೋರಿಸಿದ್ರು. ಏನು ಚಿನ್ನ ಮಾರಾಯ, ಅಪ್ಪಟ!"

ಸಿಡಿಮದ್ದು ಗರಗಸ ಕೆಳಗಿಟ್ಟ. "ಆಯಸ್ಕಾಂತ ಹಿಡೀತಲ್ಲ?"

"ಕೊಕ್ಕೆಯೊಳಗೆ ಕೂದಲಿನಷ್ಟು ಉಕ್ಕಿನ ಸ್ಪ್ರಿಂಗ್ ಇರುತ್ತಪ್ಪ. ಇಲ್ದಿದ್ರೆ ಅದು ಮುಚ್ಕೊಳ್ಳೋದು ಹೇಗೆ? ಸರಕ್ಕೇ ಹಿಡಿದು ನೋಡಿದ್ಯಾ?"

"ಉಜ್ಜಿದ್ರೆ ಹಳದಿ ಬಣ್ಣ ಬಿಡ್ತು!"

"ಹಳದಿ ಬಂದ್ರೇನೇ ಚಿನ್ನ. ಹಿತ್ತಾಳೆಯಾಗಿದ್ರೆ ಗೆರೆ ಕಪ್ಪಗಿರ್ತಿತ್ತು. ಯಾರು ನಿನಗೆ ಪಾಠ ಹೇಳಿದ್ದು?"

ಸಿಡಿಮದ್ದು ತಿರುಗಿ ನೋಡಿದ. ಟೀಚರಮ್ಮನ ಕಿಟಕಿ ಮುಚ್ಚಿತ್ತು. ಕ್ಷೌರಿಕನಿಗೆ ಇದ್ದಕ್ಕಿದ್ದಂತೆ ಅಂಗಡಿಯ ನೆನಪಾಗಿತ್ತು. "ನಿಮ್ಮ ನಾಲಿಗೆಗೆ ಬೆಂಕಿ ಬೀಳ!" ಎಂದು ಬೀದಿಗೆಲ್ಲ ಕೇಳುವಂತೆ ಬೈದು, ಬರಿಗಾಲಲ್ಲೇ ಅಣ್ಣನ ಅಂಗಡಿಗೆ ಓಡಿದ.

ಅಣ್ಣ ಬಟ್ಟೆಗಳ ರಾಶಿಯ ನಡುವೆ ಕೂತಿದ್ದ. ಕೈಯಲ್ಲಿ ಸರವಿತ್ತು. ಸಿಟ್ಟು ಇಳಿದಿತ್ತು.

"ಬರ್ತೀಯ ಅಂತ ಗೊತ್ತಿತ್ತು. ಇದು ನಿಂದೇ ಕಣೋ. ನಾನೇ ಒಂದ್ಸಲ ಕೇಳಿದ್ದೆ, ಕೊಡಲ್ಲ ಅಂದ್ಲು ಅಮ್ಮ. 'ಚಿಕ್ಕವನಿಗೆ ಅಂತ ಎತ್ತಿಟ್ಟಿದ್ದೀನಿ, ಕೈ ಹಾಕಬೇಡ' ಅಂತ ಗದರಿಸಿಬಿಟ್ಲು."

ಸಿಡಿಮದ್ದು ಕೈ ಚಾಚಿದ. ಅಣ್ಣ ಮುಷ್ಟಿ ಮುಚ್ಚಿದ.

"ಮೊದಲು ನನ್ನ ಬೀರು ತಂದಿಡು. ಅಮ್ಮ ನನಗೆ ಅಂತ ಬಿಟ್ಟುಹೋಗಿದ್ದು ಅದೊಂದೇ. ಹೋಗ್ವಾಗ ಹೇಗಿತ್ತೋ ಹಾಗೇ ಇರಬೇಕು."

ತಮ್ಮ ಒಂದು ಹೆಜ್ಜೆ ಹಿಂದೆ ಸರಿದ. ಅಣ್ಣ ಅವನ ಭುಜದ ಮೇಲಿನ ಮರದ ಹೊಟ್ಟನ್ನು ಎರಡು ಬೆರಳಲ್ಲಿ ಎತ್ತಿ ಉಜ್ಜಿ ನೋಡಿದ. ಸರವನ್ನು ಮೆಲ್ಲಗೆ ಜೇಬಿಗಿಳಿಸಿ, ಕುತ್ತಿಗೆಯ ಟೇಪನ್ನು ಕೈಗೆ ತೆಗೆದುಕೊಂಡ.

"ಎಷ್ಟು ಇಂಚು ಕೊಯ್ದೆ?"