ಹಮೀದ್ ಭಾಯ್ ಕಾರಿನಿಂದ ನನ್ನ ವರ್ಗಾವಣೆ

ಕೆಲಸ ಬಿಡುವುದು ನನಗೆ ಎಂದೂ ಕಷ್ಟವಾಗಿಲ್ಲ. 'ಭಾರವಾದ ಹೃದಯದಿಂದ' ಎಂದು ರಾಜೀನಾಮೆಯಲ್ಲಿ ಬರೆದು, ಹಗುರವಾದ ಹೃದಯದಿಂದ ಹೊರಗೆ ಬರಬಹುದು. ಆದರೆ ಮನುಷ್ಯರನ್ನು ಬಿಡುವುದು ನನ್ನ ಕೈಲಾಗದ ಕೆಲಸ. ಮೈಸೂರಿನಲ್ಲಿದ್ದಾಗ ಒಮ್ಮೆ ಕ್ಷೌರದಂಗಡಿ ಬದಲಾಯಿಸಿದೆ. ಹಳೆಯ ಅಂಗಡಿಯವನು ತಪ್ಪೇನೂ ಮಾಡಿರಲಿಲ್ಲ. ಹೊಸದರಲ್ಲಿ ಕುರ್ಚಿ ಹಿಂದಕ್ಕೆ ವಾಲುತ್ತಿತ್ತು, ಅಷ್ಟೆ. ಅಂದಿನಿಂದ ಊರು ಬಿಡುವ ತನಕ ಆ ಬೀದಿಯಲ್ಲಿ ನಾನು ತಲೆ ಎತ್ತಿ ನಡೆಯಲಿಲ್ಲ. ಎದುರಿಗೆ ಸಿಕ್ಕರೆ ಅವನು ಮುಖ ನೋಡುವುದಿಲ್ಲ, ಸೀದಾ ತಲೆ ನೋಡುತ್ತಾನೆ, ಇದು ಯಾರ ಕತ್ತರಿಯ ಕೆಲಸ ಎಂದು ಕ್ಷಣದಲ್ಲಿ ಕಂಡುಹಿಡಿಯುತ್ತಾನೆ ಎಂಬ ಹೆದರಿಕೆ. ನನ್ನ ಹೆಂಡತಿ ವಸುಧಾ ಹೇಳುವ ಪ್ರಕಾರ, ಹಾಲಿನವನನ್ನು ಬಿಡಿಸಲಾಗದೆ ನಾನು ಒಮ್ಮೆ ಬಾಡಿಗೆ ಮನೆಯನ್ನೇ ಬದಲಾಯಿಸಿದ್ದೆ. ಅದು ಸ್ವಲ್ಪ ಉತ್ಪ್ರೇಕ್ಷೆ. ಆ ಮನೆಗೆ ಬೇರೆ ತೊಂದರೆಗಳೂ ಇದ್ದವು.

ಇಂಥ ನಾನು ಕತಾರಿಗೆ ಬಂದು, ಅಲ್ ವುಕೈರ್‌ನ ಅಪಾರ್ಟ್‌ಮೆಂಟೊಂದರಲ್ಲಿ ನೆಲೆಯಾಗಿ, ವೆಸ್ಟ್ ಬೇಯ ಆಫೀಸಿಗೆ ದಿನಾ ಹಮೀದ್ ಭಾಯ್ ಅವರ ಕಾರಿನಲ್ಲಿ ಹೋಗುವವನಾದೆ. ನನಗೆ ಇಲ್ಲಿನ ಲೈಸೆನ್ಸ್ ಇಲ್ಲ. ಟೆಸ್ಟಿನಲ್ಲಿ ಎಷ್ಟು ಸಲ ಫೇಲಾದೆ ಎಂಬುದು ಇಲ್ಲಿ ಅಪ್ರಸ್ತುತ. ಹಮೀದ್ ಭಾಯ್ ಪುತ್ತೂರಿನ ಕಡೆಯವರು, ದೋಹಾದಲ್ಲಿ ಅವರ ಗಡ್ಡ ಕಪ್ಪಾಗಿದ್ದ ಕಾಲದಿಂದ ಇದ್ದಾರೆ, ನಮ್ಮ ಆಫೀಸಿನ ಎದುರು ಕಟ್ಟಡದ ಟೈಲ್ಸ್ ಕಂಪನಿಯಲ್ಲಿ ಮಾರಾಟದ ಮ್ಯಾನೇಜರು. ಅವರ ಮನೆ ನಮ್ಮದೇ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ. ಕಾರಿನ ಹಿಂದಿನ ಸೀಟಿನಲ್ಲಿ ಕೇರಳದ ಇಬ್ಬರು ಕೂರುತ್ತಾರೆ. ಇವರು ಬಾಗಿಲು ಹಾಕಿಕೊಳ್ಳುವುದೂ ನಿದ್ದೆ ಹೋಗುವುದೂ ಒಟ್ಟಿಗೆ. ಹೀಗಾಗಿ ಮುಂದಿನ ಸೀಟಿನ ನಾನೊಬ್ಬನೇ ಹಮೀದ್ ಭಾಯ್ ಅವರ ಶ್ರೋತೃ.

ಅವರು ಮಾತಾಡುವ ವಿಷಯ ಒಂದೇ, ಜರ್ಮನಿಯ ಫುಟ್‌ಬಾಲ್. ಜರ್ಮನಿಯನ್ನು ಅವರು ನೋಡಿಲ್ಲ. ಮೊದಲು ಬಂದಾಗ ಬ್ಯಾಚುಲರ್ ರೂಮಿನಲ್ಲಿ ಎಂಟು ಜನಕ್ಕೆ ಒಂದು ಟೀವಿ ಇತ್ತಂತೆ. ಅದರ ರಿಮೋಟು ಕಾಸರಗೋಡಿನ ಒಬ್ಬನ ಕೈಯಲ್ಲಿ, ಅವನಿಗೆ ಜರ್ಮನಿಯ ಒಂದು ಹಳದಿ ಅಂಗಿಯ ಕ್ಲಬ್ಬಿನ ಹುಚ್ಚು. ಅವನು ಊರಿಗೆ ಹೋಗಿ ಎಷ್ಟೋ ವರ್ಷವಾಯಿತು, ಹುಚ್ಚನ್ನು ಇವರಿಗೆ ಬಿಟ್ಟುಹೋದ. ಮನೆಯಲ್ಲಿ ಕೇಳುವವರಿಲ್ಲ. ಇಬ್ಬರು ಗಂಡುಮಕ್ಕಳೂ ಇಂಗ್ಲೆಂಡಿನ ಕ್ಲಬ್ಬುಗಳ ಕಡೆ. "ಮನೆಯಲ್ಲಿ ನಾನೇ ಅಲ್ಪಸಂಖ್ಯಾತ ಮಾರಾಯ್ರೆ" ಎಂದು ಅವರು ಒಮ್ಮೆ ನಗುತ್ತಾ ಹೇಳಿದ್ದರು, ಆದರೆ ಆ ನಗುವಿನಲ್ಲಿ ನಿಜವಾದ ಬೇಸರವಿತ್ತು. ಚೆಂಡು ಕಂಡರೆ ಬಗ್ಗಿ ಕೂರುವ ಜಾತಿಯ ನಾನು ಆ ಒಂದು ಮಾತಿನಿಂದಾಗಿ ಎರಡು ವರ್ಷ ಎಲ್ಲವನ್ನೂ ಕೇಳಿಸಿಕೊಂಡೆ. ಕೆಂಪು ಅಂಗಿಯ ದೊಡ್ಡ ಕ್ಲಬ್ಬು ಹೇಗೆ ಹಳದಿಯವರು ಸಾಕಿ ಬೆಳೆಸಿದ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಳ್ಳುತ್ತದೆ, ಪಕ್ಕದ ಊರಿನ ನೀಲಿ ಅಂಗಿಯವರಿಗೂ ಹಳದಿಯವರಿಗೂ ಎಂಥ ತಲೆತಲಾಂತರದ ಹಗೆ, ಎಲ್ಲ ನನಗೆ ಬಾಯಿಪಾಠವಾಯಿತು. ನಮ್ಮ ಸೋದರಮಾವಂದಿರ ಜಗಳ ಕೂಡ ನನಗೆ ಇಷ್ಟು ವಿವರವಾಗಿ ಗೊತ್ತಿಲ್ಲ.

ಹೀಗಿರುವಾಗ ಹೋದ ಮೇ ತಿಂಗಳಲ್ಲಿ ಅವರ ಕಾರಿನ ಏಸಿ ಕೈಕೊಟ್ಟಿತು. ಪೂರ್ತಿ ಕೆಟ್ಟಿದ್ದರೆ ಚೆನ್ನಾಗಿತ್ತು. ಡ್ರೈವರ್ ಬದಿಯಲ್ಲಿ ಅಷ್ಟಿಷ್ಟು ತಂಪು, ನನ್ನ ಬದಿಯಲ್ಲಿ ಒಲೆ ಊದಿದ ಹಾಗೆ ಗಾಳಿ. "ಈ ವಾರ ಗ್ಯಾರೇಜಿಗೆ ಕೊಡ್ತೇನೆ, ಇನ್ಶಾ ಅಲ್ಲಾ" ಎನ್ನುತ್ತಿದ್ದರು. ವಾರದ ಕೊನೆಗೆ ಮ್ಯಾಚು ಬರುತ್ತಿತ್ತು, ಗ್ಯಾರೇಜು ಮುಂದಕ್ಕೆ ಹೋಗುತ್ತಿತ್ತು. ಇಲ್ಲಿ ಓದುಗರಿಗೆ ಒಂದು ಸಂಗತಿ ಹೇಳಬೇಕು. ನಾನು ಏಸಿ ಎಂಜಿನಿಯರು. ಮೂವತ್ತು ಅಂತಸ್ತಿನ ಕಟ್ಟಡಕ್ಕೆ ಎಲ್ಲಿಂದ ಎಲ್ಲಿಗೆ ತಂಪುಗಾಳಿ ಹರಿಯಬೇಕೆಂದು ಗೆರೆ ಎಳೆದು ಸಹಿ ಹಾಕುವವನು. ಆ ಸಹಿ ಹಾಕುವ ಆಫೀಸಿಗೆ ದಿನಾ ಬೆಳಿಗ್ಗೆ ಬೆವರಿನಲ್ಲಿ ತೊಯ್ದು ತಲುಪುತ್ತಿದ್ದೆ. ರಿಸೆಪ್ಷನ್ನಿನ ಹುಡುಗಿ, ಸಾರ್ ಸ್ವಿಮ್ಮಿಂಗ್ ಮುಗಿಸಿ ಬರುತ್ತಾರೆ ಎಂದು ತುಂಬಾ ದಿನ ನಂಬಿದ್ದಳಂತೆ.

ಆಗ ಒಂದು ಸಂಜೆ ಲಿಫ್ಟಿನಲ್ಲಿ ಪ್ರಸನ್ನ ಸಿಕ್ಕಿದ. ಬೆಂಗಳೂರಿನವನು, ನಾಲ್ಕನೆಯ ಮಹಡಿ, ಹೊಸ ಕಾರು. ಅವನಿಗೂ ಹಮೀದ್ ಭಾಯ್‌ಗೂ ಮಾತಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ನೆರಳು ಬೀಳುವ ಪಾರ್ಕಿಂಗ್ ಜಾಗ ಒಂದೇ, ಮೊದಲು ಬಂದವರಿಗೆ. ಇಬ್ಬರೂ ಆಫೀಸಿನಿಂದ ಒಂದೇ ಹೊತ್ತಿಗೆ ಹೊರಟು ಅದಕ್ಕಾಗಿ ಓಡಿ ಬರುತ್ತಾರೆ. ಸೋತವರ ಸ್ಟೀರಿಂಗು ಮರುದಿನ ಬೆಳಗಿನ ಬಿಸಿಲಿಗೇ ಕಾದು ಮುಟ್ಟುವ ಹಾಗಿರುವುದಿಲ್ಲ. ಅದರಿಂದ ಶುರುವಾದ ಮುನಿಸು ಈಗ ಬರೀ ತಲೆಯಾಡಿಸುವ ಮಟ್ಟಕ್ಕೆ ಬಂದು ನಿಂತಿದೆ.

"ಏನ್ ಸಾರ್, ಇಷ್ಟೊಂದು ನೆಂದುಬಿಟ್ಟಿದೀರ. ನನ್ ಕಾರಲ್ಲಿ ಒಂದ್ ಸೀಟ್ ಖಾಲಿ ಇದೆ, ಜೂನ್‌ನಿಂದ ಬಂದ್ಬಿಡಿ. ಹಿಂದುಗಡೆನೂ ಏಸಿ ಬರತ್ತೆ" ಎಂದ.

ಹಿಂದುಗಡೆಯೂ ಏಸಿ ಬರುತ್ತದೆ ಎಂದರೆ ಯಾವ ಮನುಷ್ಯ ತಾನೇ ಬೇಡ ಎನ್ನುತ್ತಾನೆ? ಒಪ್ಪಿಕೊಂಡೆ. ಹಮೀದ್ ಭಾಯ್‌ಗೆ ಮರುದಿನವೇ ನಯವಾಗಿ ಹೇಳಿಬಿಡುವುದೆಂದು ರಾತ್ರಿ ಮಲಗುವ ಮುಂಚೆ ಎರಡು ಸಲ ಗಟ್ಟಿಯಾಗಿ ಅಭ್ಯಾಸ ಮಾಡಿದೆ. ವಸುಧಾ ಚೆನ್ನಾಗಿದೆ ಅಂದಳು.

ಬೆಳಿಗ್ಗೆ ಕಾರು ಹತ್ತಿದರೆ ಹಮೀದ್ ಭಾಯ್ ಮುಖ ಬಾಡಿತ್ತು. ಮೊದಲನೆಯ ಸಿಗ್ನಲ್ ದಾಟಿದ ಮೇಲೆ ನಿಧಾನವಾಗಿ, "ನಮ್ಮ ಹುಡುಗ ಕೆಂಪಿನವರಿಗೆ ಸಹಿ ಹಾಕಿದ ಮಾರಾಯ್ರೆ" ಎಂದರು. ಹಳದಿಯವರಿಗೆ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದುಕೊಡುವವನು. ಹದಿನೇಳು ವರ್ಷದವನಿದ್ದಾಗ ಇವರ ಕ್ಲಬ್ಬು ಎಲ್ಲಿಂದಲೋ ತಂದು ಬೆಳೆಸಿದ ಹುಡುಗ. ಒಪ್ಪಂದ ಜೂನ್ ಕೊನೆಗೆ ಮುಗಿಯುವುದರಿಂದ ಇವರ ಕ್ಲಬ್ಬಿಗೆ ಒಂದು ಕಾಸೂ ಸಿಗದ ಹಾಗೆ ಬಿಟ್ಟಿಯಾಗಿ ಹೋಗುತ್ತಿದ್ದ.

"ಹೋಗುದಕ್ಕೆ ಬೇಜಾರಿಲ್ಲ. ಎಲ್ಲರೂ ಹೋಗ್ತಾರೆ. ನಾವೂ ಊರು ಬಿಟ್ಟು ಬಂದವರೇ ಅಲ್ವಾ? ಆದರೆ ಸುದ್ದಿ ಬಂದದ್ದು ನಿನ್ನೆ, ಇವ ಸಹಿ ಹಾಕಿದ್ದು ಜನವರಿಯಲ್ಲಿ. ಆಮೇಲೆ ನಾಲ್ಕು ತಿಂಗಳು ನಮ್ಮ ಅಂಗಿ ಹಾಕಿ, ನಗಾಡಿಕೊಂಡು, ನಮಗೆ ಕೈ ಬೀಸಿಕೊಂಡು ಆಡಿದ. ಮೊದಲೇ ಹೇಳ್ಬಹುದಿತ್ತು. ಅಷ್ಟೇ ನಾನು ಹೇಳುದು."

ಹಿಂದಿನ ಸಂಜೆಯೇ ಪ್ರಸನ್ನನಿಗೆ ಹೂಂ ಎಂದು, ಈಗ ಇವರ ಪಕ್ಕದಲ್ಲಿ ನಗಾಡಿಕೊಂಡು ಕೂತಿದ್ದ ನನ್ನ ಬೆವರು ಆ ದಿನ ಬರೀ ಏಸಿಯದಾಗಿರಲಿಲ್ಲ. ಆ ಹುಡುಗನ ಪರವಾಗಿ ವಾದಿಸುವುದು ನನಗೆ ಅನಿವಾರ್ಯವಾಯಿತು.

"ಪಾಪ, ಹೇಳೋಕೆ ಧೈರ್ಯ ಬಂದಿರಲ್ಲ ಹಮೀದ್ ಭಾಯ್. ನಿಮ್ಮ ಮೇಲೆ ಪ್ರೀತಿ ಇದ್ದಿದ್ದಕ್ಕೇ ಹೇಳಿಲ್ಲವೇನೋ. ಅಲ್ಲಿ ಸೌಕರ್ಯ ಹೆಚ್ಚಿರಬಹುದು."

"ಎಂತ ಸೌಕರ್ಯ?"

"ಏನೋ, ಸ್ವಲ್ಪ ತಂಪು."

"ಜರ್ಮನಿಯಲ್ಲಿ ತಂಪಿಗೆ ಎಂತ ಬರಗಾಲ ಮೂರ್ತಿಯವ್ರೇ?" ಎಂದು ಅವರು ನನ್ನ ಕಡೆ ತಿರುಗಿ ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ. ಸ್ವಲ್ಪ ಹೊತ್ತು ಬಿಟ್ಟು, ನನ್ನ ಅಪರಾಧದ ಆಳ ಎಷ್ಟೆಂದು ತಿಳಿಯಲು, ಕೆಂಪಿನವರಿಗೆ ಹೋಗುವ ಬದಲು ಅವನು ಪಕ್ಕದೂರಿನ ನೀಲಿಯವರಿಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವರು ಬ್ರೇಕಿನ ಮೇಲೆ ಕಾಲಿಟ್ಟರು. ಹಿಂದಿನವರಿಬ್ಬರೂ ಎಚ್ಚರವಾಗಿ, ಆಫೀಸು ಬಂತೆಂದು ಇಳಿಯಲು ಹೊರಟರು. "ಹಾಗೆಲ್ಲ ಬೆಳಿಗ್ಗೆ ಬೆಳಿಗ್ಗೆ ಮಾತಾಡ್ಬೇಡಿ. ಕೆಂಪಿನವರಾದ್ರೆ ದೂರ ಇದ್ದಾರೆ. ನೀಲಿಯವರು ಹತ್ತಿರದವರು, ಎದ್ರೆ ಮುಖ ನೋಡ್ಬೇಕು." ಪ್ರಸನ್ನ ನಾಲ್ಕನೆಯ ಮಹಡಿಯಲ್ಲಿದ್ದ. ನನ್ನದು ನೀಲಿಯ ಪ್ರಕರಣ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಆ ದಿನ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ವಸುಧಾ "ಒಂದು ಮೆಸೇಜ್ ಹಾಕ್ರಿ, ಮುಗೀತು" ಎಂದಳು. ಮೆಸೇಜು ಬರೆದೆ, ಅಳಿಸಿದೆ. ಎರಡು ವರ್ಷ ಪಕ್ಕದಲ್ಲಿ ಕೂರಿಸಿಕೊಂಡ ಮನುಷ್ಯನನ್ನು ಹೆಬ್ಬೆರಳಿನಿಂದ ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಮೇ ತಿಂಗಳ ಕೊನೆಯ ವಾರ, ಇನ್ನು ತಡೆದರೆ ನನಗೂ ಆ ಹುಡುಗನಿಗೂ ವ್ಯತ್ಯಾಸವೇ ಇರುವುದಿಲ್ಲ ಎನ್ನಿಸಿ, ಆಫೀಸು ಕಾಣುವಷ್ಟು ಹತ್ತಿರ ಬಂದಾಗ ಬಾಯಿ ಬಿಟ್ಟೆ. ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿ, "ಹಮೀದ್ ಭಾಯ್, ಜೂನ್‌ಗೆ ನನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತೆ" ಎಂದುಬಿಟ್ಟೆ.

ಅವರು ಕೆಲಸ ಹೋಯಿತೆಂದು ತಿಳಿದು ಗಾಬರಿಯಿಂದ ಕಾರನ್ನು ಬದಿಗೆ ನಿಲ್ಲಿಸಿದರು. ನಮ್ಮ ಕಂಪನಿಯಲ್ಲಿ ಕೇಳ್ತೇನೆ, ಹೆದರ್ಬೇಡಿ ಎಂದು ಫೋನನ್ನೂ ಕೈಗೆತ್ತಿಕೊಂಡರು. ಆಫೀಸಿನ ಕಾಂಟ್ರ್ಯಾಕ್ಟ್ ಅಲ್ಲ, ಈ ಕಾರಿನದು ಎಂದು ನಾನು ವಿವರಿಸಬೇಕಾಯಿತು. ಆ ಹೊತ್ತಿನಷ್ಟು ಸಣ್ಣವನು ನಾನು ಯಾವತ್ತೂ ಆಗಿಲ್ಲ.

"ಯಾರ ಜೊತೆ?"

"ಪ್ರಸನ್ನ."

ಅವರು ಫೋನು ಕೆಳಗಿಟ್ಟರು. "ಏಸಿಗಾ?" ಎಂದರು. ಹೌದು ಎಂದೆ. ಏಸಿಯ ಗುಂಡಿಯನ್ನು ಒಮ್ಮೆ ತಿರುಗಿಸಿ ನೋಡಿ, "ನಂದೂ ತಪ್ಪುಂಟು. ಆದರೆ ಮೊದಲೇ ಹೇಳ್ಬಹುದಿತ್ತು ಮಾರಾಯ್ರೆ" ಎಂದು ಗೇರು ಹಾಕಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಗುರುವಾರ ಸಂಜೆ, ನನ್ನ ಕೊನೆಯ ಪ್ರಯಾಣ. ಮನೆ ಮುಂದೆ ಇಳಿಯುವಾಗ ಹಮೀದ್ ಭಾಯ್ ಡಿಕ್ಕಿ ತೆಗೆದು ಒಂದು ಹೂಗುಚ್ಛ ಕೊಟ್ಟರು. ಬಿಸಿಲಿಗೆ ಅರ್ಧ ಬಾಡಿತ್ತು. "ಅಲ್ಲಿ ಬಿಟ್ಟುಹೋಗುವ ಆಟಗಾರರಿಗೆ ಕೊನೆ ಮ್ಯಾಚಿನ ಮೊದಲು ಕ್ಲಬ್ಬಿನವರು ಹೂ ಕೊಡ್ತಾರೆ. ಆ ಹುಡುಗನಿಗೂ ಕೊಟ್ಟರು. ಜನ ಶಿಳ್ಳೆ ಹಾಕಿ ಬೈದರು, ಅದು ಬೇರೆ. ಹೂ ಹೂವೇ" ಎಂದರು. ನಾನು ಅದನ್ನು ಎರಡೂ ಕೈಯಿಂದ ತೆಗೆದುಕೊಂಡೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನಾನು ಹೂ ಹಿಡಿದು ಮನೆಗೆ ಬಂದದ್ದು ಅದೇ ಮೊದಲು. ವಸುಧಾ ಬಾಗಿಲಲ್ಲಿ ನನ್ನನ್ನು ನೋಡಿ ಅರಳಿದಳು, ಕೊಟ್ಟವರು ಹಮೀದ್ ಭಾಯ್ ಎಂದು ತಿಳಿದ ಮೇಲೆ ಹೂವನ್ನು ಬಕೆಟ್ಟಿನಲ್ಲಿಟ್ಟಳು.

ಪ್ರಸನ್ನನ ಕಾರು ಅವನು ಹೇಳಿದಂತೆಯೇ ಇತ್ತು. ಹಿಂದುಗಡೆಯೂ ಏಸಿ ಬಂತು, ಶಾಲು ತರಬೇಕಾಗುವಷ್ಟು ಬಂತು. ಆದರೆ ಅಲ್ಲಿ ಯಾರೂ ಮಾತಾಡುವುದಿಲ್ಲ. ಮೌನ ತಡೆಯಲಾಗದೆ ನಾನೇ ಮಾತು ಶುರು ಮಾಡುತ್ತಿದ್ದೆ. ಪ್ರಸನ್ನ ಹೂಂಗುಟ್ಟುತ್ತಿದ್ದ, ಆಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದ. ಪಾಪ, ಬೆಳಿಗ್ಗೆಯಿಂದಲೇ ಮೀಟಿಂಗು ಎಂದುಕೊಳ್ಳುತ್ತಿದ್ದೆ. ಕೆಲವೊಮ್ಮೆ ಸಿಗ್ನಲ್ಲಿನಲ್ಲಿ ಹಮೀದ್ ಭಾಯ್ ಕಾರು ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಹಳೆಯ ಕ್ಲಬ್ಬಿನ ಮೇಲೆ ಗೋಲು ಹೊಡೆದವನು ಕುಣಿಯಬಾರದು, ತಲೆ ತಗ್ಗಿಸಿ ನಿಲ್ಲಬೇಕು ಎಂದು ಅವರೇ ಕಲಿಸಿದ್ದರು. ನಾನು ತಣ್ಣಗಿನ ಗಾಜಿನ ಹಿಂದೆ ಆದಷ್ಟೂ ದುಃಖದ ಮುಖ ಮಾಡಿಕೊಂಡು ಕೂರುತ್ತಿದ್ದೆ. ನನ್ನ ಸೀಟಿನಲ್ಲಿ ಯಾರೋ ಹೊಸಬ. ಅವನು ಕೇಳಿಸಿಕೊಳ್ಳುತ್ತಿದ್ದಾನೋ ಇಲ್ಲವೋ ಎಂದು ಇಣುಕಿ ನೋಡುವುದು ನನಗೆ ಚಟವಾಯಿತು. ಆಮೇಲೆ ಒಂದು ಶನಿವಾರ ನಾನೊಬ್ಬನೇ ಕೂತು ಹಳದಿಯವರ ಮ್ಯಾಚು ಪೂರ್ತಿ ನೋಡಿದೆ. ಗೆದ್ದರು. ಹೇಳೋಣವೆಂದರೆ ಯಾರೂ ಇಲ್ಲ.

ಸೆಪ್ಟೆಂಬರಿನಲ್ಲಿ ಲಿಫ್ಟಿನ ಹತ್ತಿರ ಹಮೀದ್ ಭಾಯ್ ಸಿಕ್ಕಾಗ ತಡವರಿಸುತ್ತಾ, ಕೆಂಪಿಗೆ ಹೋದವರು ಯಾರಾದರೂ ವಾಪಸು ಬಂದದ್ದುಂಟೇ ಎಂದು ಕೇಳಿದೆ. ಅವರಿಗೆ ಅರ್ಥವಾಯಿತು. "ಬಂದಿದ್ದಾರೆ. ನಮ್ಮವರು ತಕ್ಕೊಂಡಿದ್ದಾರೆ ಕೂಡ. ಆದರೆ ಬಂದ ಕೂಡ್ಲೆ ಆಡಿಸ್ಲಿಕ್ಕೆ ಆಗುದಿಲ್ಲ, ಸ್ವಲ್ಪ ದಿನ ಬೆಂಚಲ್ಲಿ ಕೂತ್ಕೊಳ್ಬೇಕು."

ಹೀಗೆ ನಾನು ಭಾನುವಾರ ಮರಳಿ ಆ ಕಾರು ಹತ್ತಿದೆ. ನನ್ನ ಬೆಂಚು ಹಿಂದಿನ ಸೀಟಿನ ನಡು, ಎರಡು ಬದಿಯಿಂದಲೂ ಕೇರಳ ನಿದ್ದೆಯಲ್ಲಿ ಒರಗುತ್ತದೆ. ಮುಂದೆ ತಂಪಾದ ಗಾಳಿ ಬೀಸುತ್ತಿತ್ತು. "ನೀವು ಬಿಟ್ಟುಹೋದ ವಾರವೇ ರಿಪೇರಿ ಮಾಡಿಸಿದೆ, ಇನ್ನೊಬ್ಬ ಹೋಗ್ಬಾರ್ದಲ್ಲ" ಎಂದರು. ಹಿಂದೆ ಆ ಗಾಳಿ ಬರುವುದಿಲ್ಲ, ಅಲ್ಲಿ ಕಿಂಡಿಯೇ ಇಲ್ಲ. ಮುಂದಿನ ಹೊಸಬನೂ ಆಗಲೇ ಗೊರಕೆ ಹೊಡೆಯುತ್ತಿದ್ದ. ನಾನು ಎರಡು ಸೀಟುಗಳ ನಡುವೆ ಕತ್ತು ಚಾಚಿ, ಶನಿವಾರದ ಎರಡನೆಯ ಗೋಲು ನೋಡಿದಿರಾ ಎಂದು ಕೇಳಿದೆ. ಕನ್ನಡಿಯಲ್ಲಿ ಅವರ ಮುಖ ನೋಡಿ ನನಗೆ ಮನೆಗೆ ಬಂದಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಪ್ರಸನ್ನನ ಕಾರು ಎದುರಿಗೆ ಬಂತು. ಅವನಿಗೆ ನಾನು ಇನ್ನೂ ಹೇಳಿರಲಿಲ್ಲ. ಥಟ್ಟನೆ ಸೀಟಿನ ಕೆಳಕ್ಕೆ ಬಗ್ಗಿದೆ.

"ನೆಟ್ಟಗೆ ಕೂತ್ಕೊಳ್ಳಿ ಮೂರ್ತಿಯವ್ರೇ. ನಿಮ್ಮಿಂದ ಹೇಳ್ಲಿಕ್ಕೆ ಆಗುದಿಲ್ಲ ಅಂತ ನಂಗೆ ಗೊತ್ತಿತ್ತು. ನಿನ್ನೆ ನಾನೇ ಹೋಗಿ ಮಾತಾಡಿದೆ. ಕ್ಲಬ್ಬಿಗೂ ಕ್ಲಬ್ಬಿಗೂ ಆಯ್ತು, ಖಲಾಸ್."

ಅವರಿಬ್ಬರೂ ಮಾತಾಡಿದರೆಂಬುದೇ ನನಗೆ ಆಶ್ಚರ್ಯ. ಪ್ರಸನ್ನನಿಗೆ ಬೇಜಾರಾಯಿತಾ, ನನ್ನನ್ನು ಬಿಟ್ಟುಕೊಡಲು ಏನಾದರೂ ಕೇಳಿದನಾ ಎಂದು ಸ್ವಲ್ಪ ಹೆಮ್ಮೆಯಿಂದಲೇ ವಿಚಾರಿಸಿದೆ.

"ಎಂತದೂ ಇಲ್ಲ, ಫ್ರೀ" ಎಂದರು ಹಮೀದ್ ಭಾಯ್. "ಟೀ ಕೊಟ್ಟು, ಇವತ್ತೇ ಕರ್ಕೊಂಡು ಹೋಗಿ ಸಾರ್ ಅಂದ್ರು. ಮೂರು ತಿಂಗಳು ದಿನಾ ಬೆಳಿಗ್ಗೆ ಜರ್ಮನಿ ಫುಟ್‌ಬಾಲ್ ಕೇಳಿ ಕೇಳಿ ಅವರಿಗೆ ಸಾಕಾಗಿ ಹೋಗಿದೆಯಂತೆ. ನಿಮಗೆ ಹೇಗೆ ಹೇಳುದು ಅಂತ ಗೊತ್ತಾಗದೆ ಪಾಪ ಇಯರ್‌ಫೋನ್ ತಕ್ಕೊಂಡಿದ್ದಂತೆ."